ದರ ಕಡಿತದ ಹೊಡೆತ ಸಣ್ಣವರಿಗೇ ಏಕೆ?

ಓದುಗರನ್ನು ಆನ್‌ಲೈನ್ ಮಳಿಗೆಗೆ ಕಳುಹಿಸಿ ಕಮಿಷನ್ ಪಡೆಯುವ ಅಫಿಲಿಯೇಟ್ ವ್ಯವಸ್ಥೆಯನ್ನೇ ನಂಬಿದ ಸಣ್ಣ ವೆಬ್‌ಸೈಟ್‌ಗಳಿಗೆ ಆದಾಯದ ಭದ್ರತೆಯೇ ಇಲ್ಲ. ಅಮೆಜಾನ್ 1996ರಲ್ಲಿ ಆರಂಭಿಸಿದ ಯೋಜನೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ. ಹೆಚ್ಚು ಮಾರಾಟ ತಂದವರಿಗೆ ಹೆಚ್ಚು ದರ ಎಂಬ ಪದ್ಧತಿಯನ್ನು ಅದು ಅಮೆರಿಕದಲ್ಲಿ 2017ರಲ್ಲಿ ಕೈಬಿಟ್ಟು, ಸರಕಿನ ವರ್ಗಕ್ಕೆ ತಕ್ಕಂತೆ ದರ ನಿಗದಿ ಮಾಡಿತು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್‌ನಿಂದಾಗಿ ಜನ ಆನ್‌ಲೈನ್ ಖರೀದಿಗೆ ಮುಗಿಬಿದ್ದಿದ್ದಾಗಲೇ, ಪೀಠೋಪಕರಣಗಳ ಕಮಿಷನ್ ಶೇ 8ರಿಂದ ಶೇ 3ಕ್ಕೆ, ದಿನಸಿಯದು ಶೇ 5ರಿಂದ ಶೇ 1ಕ್ಕೆ ಇಳಿಯಿತು. ಪ್ರಕಟಣೆಗೂ ಜಾರಿಗೂ ನಡುವೆ ಇದ್ದದ್ದು ಒಂದೇ ವಾರ.

200 ಡಾಲರ್ ಬೆಲೆಯ ಮೇಜು ಮಾರಾಟವಾದರೆ 16 ಡಾಲರ್ ಪಡೆಯುತ್ತಿದ್ದವರಿಗೆ ಸಿಕ್ಕಿದ್ದು ಬರೀ 6 ಡಾಲರ್. ಅದೂ ಲಿಂಕ್ ಒತ್ತಿದ ಗ್ರಾಹಕ 24 ಗಂಟೆಯೊಳಗೆ ಅದನ್ನು ಕಾರ್ಟ್‌ಗೆ ಹಾಕಿದ್ದರೆ ಮಾತ್ರ! ದೊಡ್ಡ ಮಾಧ್ಯಮ ಸಂಸ್ಥೆಗಳಿಗೆ ಚೌಕಾಸಿ ಮಾಡುವ ಬಲವಿದೆ. ಒಬ್ಬಂಟಿಯಾಗಿ ವೆಬ್‌ಸೈಟ್ ನಡೆಸುವವರಿಗೆ ಅದಿಲ್ಲ. ವಸ್ತುವನ್ನು ಸ್ವಂತ ಹಣದಿಂದ ಕೊಂಡು, ವಾರಗಟ್ಟಲೆ ಬಳಸಿ ಬರೆಯುವ ಪ್ರಾಮಾಣಿಕ ವಿಮರ್ಶೆಗೆ ಖರ್ಚಿದೆ. ಆದಾಯ ಕುಸಿದರೆ ಮೊದಲು ನಿಲ್ಲುವುದು ಆ ಪರೀಕ್ಷೆಯೇ. ಹೆಚ್ಚು ಕಮಿಷನ್ ತರುವ ಸರಕನ್ನು ಹೊಗಳುವ ಆಮಿಷವೂ ಬೆಳೆಯುತ್ತದೆ. ಅಂತಿಮವಾಗಿ ನಷ್ಟ ಓದುಗನಿಗೆ.

ದರ ಬದಲಿಸುವ ಅಧಿಕಾರ ಕಂಪನಿಗಳಿಗೆ ಇರಲಿ. ಆದರೆ ಕನಿಷ್ಠ ಮೂರು ತಿಂಗಳು ಮುಂಚೆ ತಿಳಿಸುವುದು, ಈಗಾಗಲೇ ಪ್ರಕಟವಾದ ಬರಹಗಳಿಗೆ ಕೆಲಕಾಲ ಹಳೆಯ ದರವನ್ನೇ ಕೊಡುವುದು ಕಡ್ಡಾಯವಾಗಬೇಕು. ಪ್ರಕಾಶಕರೂ ಒಂದೇ ಕಂಪನಿಗೆ ಜೋತುಬೀಳದೆ ಚಂದಾ, ನೇರ ಜಾಹೀರಾತಿನಂತಹ ದಾರಿಗಳನ್ನು ಕಂಡುಕೊಳ್ಳಬೇಕು. ಮಾರುಕಟ್ಟೆ ಬೆಳೆಸಿದವರಿಗೆ ಅದರ ಲಾಭದಲ್ಲಿ ನ್ಯಾಯವಾದ ಪಾಲು ಸಿಗಲೇಬೇಕು.