‘ಕರೆಂಟ್’ ಚಿಕಿತ್ಸೆಯ ಬಗ್ಗೆ ಮನೆಯೊಳಗೆ ಬಾಯಿ ಬಿಟ್ಟು ಮಾತಾಡೋಣ

ಊರಿನಲ್ಲಿ ಈಗಲೂ ರೇಡಿಯೇಶನ್‌ಗೆ ‘ಕರೆಂಟ್ ಕೊಡುವುದು’ ಅಂತಲೇ ಹೇಳುವುದು. ಆ ಹೆಸರು ಕೇಳಿದ ಕೂಡಲೇ ಅರ್ಧ ಜೀವ ಹೋಗುತ್ತದೆ. ನಮ್ಮ ಉಪ್ಪ ಬಂಟ್ವಾಳ ತಾಲೂಕಿನ ಮನೆಯಿಂದ ಸರ್ಜಾಪುರದ ನಮ್ಮ ಫ್ಲ್ಯಾಟಿಗೆ ಬಂದು ಇಳಿದ ದಿನ ಮೊದಲು ಕೇಳಿದ್ದೂ ಅದನ್ನೇ: “ಕರೆಂಟ್ ಕೊಡುವಾಗ ಕೈಕಾಲು ಕಟ್ಟುತ್ತಾರಾ?” ನಾವು ನಕ್ಕೆವು. ನಗಬಾರದಿತ್ತು. 71 ವರ್ಷದ ಮನುಷ್ಯ ಆ ಪ್ರಶ್ನೆಯನ್ನು ಎಷ್ಟು ರಾತ್ರಿ ಒಬ್ಬರೇ ಹೊತ್ತುಕೊಂಡಿದ್ದರೋ!

ಕಾಯಿಲೆ ಪ್ರಾಸ್ಟೇಟ್ ಕ್ಯಾನ್ಸರ್. ಮೂತ್ರಚೀಲದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡಿರುವ ಸಣ್ಣ ಗ್ರಂಥಿ ಪ್ರಾಸ್ಟೇಟ್. ಗಂಡಸರಿಗೆ ಮಾತ್ರ ಇರುವಂಥದ್ದು. 2022ರಲ್ಲಿ ಜಗತ್ತಿನಲ್ಲಿ 14 ಲಕ್ಷಕ್ಕೂ ಹೆಚ್ಚು ಗಂಡಸರಲ್ಲಿ ಈ ಕ್ಯಾನ್ಸರ್ ಹೊಸದಾಗಿ ಪತ್ತೆಯಾಗಿದೆ. ಬೆಂಗಳೂರು ಸೇರಿದಂತೆ ನಮ್ಮ ದೊಡ್ಡ ನಗರಗಳ ಗಂಡಸರಲ್ಲಿ ಹೆಚ್ಚು ಕಾಣುವ ಕ್ಯಾನ್ಸರುಗಳಲ್ಲಿ ಇದೂ ಒಂದು. ಆದರೂ ನಮ್ಮ ಮನೆಗಳಲ್ಲಿ ಇದಕ್ಕೆ ಹೆಸರಿಲ್ಲ. ‘ಮೂತ್ರದ ತೊಂದರೆ’, ‘ವಯಸ್ಸಿನ ಸಮಸ್ಯೆ’ ಎಂದು ಹೇಳಿ ಮುಗಿಸುತ್ತೇವೆ. ನಾವೂ ಉಮ್ಮನಿಗೆ ಹಾಗೆಯೇ ಹೇಳಿದ್ದೆವು. ಅದರ ಬೆಲೆ ನಾಲ್ಕನೇ ವಾರದಲ್ಲಿ ಗೊತ್ತಾಯಿತು.

ಮೊದಲು ಚಿಕಿತ್ಸೆ ಹೇಗಿರುತ್ತದೆ ಎಂದು ಹೇಳಿಬಿಡುತ್ತೇವೆ. ಇದು ಕರೆಂಟ್ ಅಲ್ಲ, ಶಾಕ್ ಅಲ್ಲ, ಸುಡುವುದೂ ಇಲ್ಲ. ಎಕ್ಸ್‌ರೇಯಂಥದೇ ಕಿರಣ, ಶಕ್ತಿ ಮಾತ್ರ ಬಹಳ ಹೆಚ್ಚು. ಆರಂಭಕ್ಕೆ ಮೊದಲು ಒಂದು ದಿನ ಸಿ.ಟಿ. ಸ್ಕ್ಯಾನ್ ಮಾಡಿ ಅಳತೆ ತೆಗೆಯುತ್ತಾರೆ. ಪ್ರತಿದಿನ ಒಂದೇ ರೀತಿ ಮಲಗಿಸಲಿಕ್ಕಾಗಿ ಚರ್ಮದ ಮೇಲೆ ಸಾಸಿವೆ ಕಾಳಿನಷ್ಟು ಚುಕ್ಕೆ ಗುರುತು ಹಾಕುತ್ತಾರೆ. ಆಮೇಲೆ ವಾರಕ್ಕೆ ಐದು ದಿನ ಹೋಗಬೇಕು. ಮೇಜಿನ ಮೇಲೆ ಅಲುಗಾಡದೆ ಮಲಗಬೇಕು, ಯಂತ್ರ ಸುತ್ತ ತಿರುಗುತ್ತದೆ. ಕೋಣೆಯಲ್ಲಿ ರೋಗಿ ಒಬ್ಬರೇ. ಆದರೆ ಹೊರಗಿನಿಂದ ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ, ಮೈಕ್‌ನಲ್ಲಿ ಮಾತಾಡಬಹುದು. ಕಿರಣ ಬೀಳುವುದು ಕೆಲವೇ ನಿಮಿಷ. ನೋವಿಲ್ಲ. ಹತ್ತಿಪ್ಪತ್ತು ನಿಮಿಷದಲ್ಲಿ ಎದ್ದು ಬರಬಹುದು. ತಲೆಕೂದಲು ಉದುರುವುದಿಲ್ಲ. ಹೊರಗಿನಿಂದ ಕೊಡುವ ಈ ಚಿಕಿತ್ಸೆಯಲ್ಲಿ ಮೈಯಲ್ಲಿ ಕಿರಣ ಉಳಿಯುವುದೂ ಇಲ್ಲ. ಮೊಮ್ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಳ್ಳಬಹುದು, ಒಂದೇ ಬಟ್ಟಲಲ್ಲಿ ಉಣ್ಣಬಹುದು. ಯಾರಿಗೂ ಹರಡುವ ರೋಗ ಇದಲ್ಲ. (ಕಿರಣ ಸೂಸುವ ಸಣ್ಣ ಕಾಳುಗಳನ್ನು ಗ್ರಂಥಿಯ ಒಳಗೇ ಇಡುವ ಬೇರೆ ವಿಧಾನ ಉಂಟು. ಅದರ ಎಚ್ಚರಿಕೆಗಳು ಬೇರೆ, ಅದನ್ನು ವೈದ್ಯರೇ ಹೇಳುತ್ತಾರೆ.)

ಕಷ್ಟ ಇರುವುದು ಯಂತ್ರದ ಕೆಳಗಲ್ಲ, ಅದಕ್ಕೆ ಮುಂಚಿನ ಒಂದು ಗಂಟೆಯಲ್ಲಿ. ಮಲ ವಿಸರ್ಜನೆ ಆಗಿರಬೇಕು, ಮೂತ್ರಚೀಲ ತುಂಬಿರಬೇಕು. ಚೀಲ ತುಂಬಿದ್ದರೆ ಅದರ ಹೆಚ್ಚಿನ ಭಾಗವೂ ಕರುಳೂ ಕಿರಣದ ದಾರಿಯಿಂದ ದೂರ ಸರಿಯುತ್ತವೆ. ಗುದನಾಳ ಖಾಲಿ ಇದ್ದರೆ ಗ್ರಂಥಿ ದಿನವೂ ಅದೇ ಜಾಗದಲ್ಲಿ ನಿಲ್ಲುತ್ತದೆ. ಉಪ್ಪನಿಗೆ ಹೇಳಿದ್ದು ಹೀಗೆ: ಮೂತ್ರ ಮಾಡಿ, ಅರ್ಧ ಲೀಟರ್ ನೀರು ಕುಡಿದು, ಮುಕ್ಕಾಲು ಗಂಟೆ ತಡೆದುಕೊಳ್ಳಬೇಕು. ಎಷ್ಟು ನೀರು, ಎಷ್ಟು ಹೊತ್ತು ಎಂಬುದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ ಇರುತ್ತದೆ.

ಈಗ ಸರ್ಜಾಪುರ ರೋಡ್ ಗೊತ್ತಿರುವವರು ಯೋಚಿಸಿ. ದೊಮ್ಮಸಂದ್ರ, ಕೊಡತಿ, ಕಾರ್ಮೆಲರಾಂ, ಇಬ್ಬಲೂರು ದಾಟುವಾಗ ಸರಿ ಇರುವವನಿಗೇ ಮೂತ್ರ ತಡೆದುಕೊಳ್ಳಲು ಆಗುವುದಿಲ್ಲ. ಮೊದಲ ವಾರ ನಾವು ಜಾಣತನ ಮಾಡಿ, ಸಮಯ ಉಳಿಸಲು ಕಾರಿನಲ್ಲೇ ನೀರು ಕುಡಿಸಿದೆವು. ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದು ಉಪ್ಪ ಪಟ್ಟ ಪಾಡು ದೇವರಿಗೇ ಗೊತ್ತು. ನೀರು ಕುಡಿಯುವುದು ಆಸ್ಪತ್ರೆ ತಲುಪಿದ ಮೇಲೆ ಎಂದು ಅಂದೇ ಕಲಿತೆವು.

ಮೊದಲ ಎರಡು ವಾರ ಏನೂ ಆಗಲಿಲ್ಲ. ‘ಇಷ್ಟೇಯಾ’ ಅಂದುಕೊಂಡೆವು. ಅಡ್ಡ ಪರಿಣಾಮಗಳು ಸಾಮಾನ್ಯವಾಗಿ ಕಾಣುವುದು ಎರಡು ಮೂರನೇ ವಾರದಿಂದಲೇ. ಪದೇ ಪದೇ ಮೂತ್ರ, ಉರಿ, ಧಾರೆ ಸಣ್ಣದಾಗುವುದು, ತಡೆಯಲಾಗದ ಅವಸರ. ರಾತ್ರಿ ಐದಾರು ಸಲ ಏಳಬೇಕು. ಕೆಲವರಿಗೆ ಭೇದಿ, ಮಲದಲ್ಲಿ ಲೋಳೆ, ಕೂರಲು ನೋವು. ಎಲ್ಲಕ್ಕಿಂತ ಹೆಚ್ಚಾಗಿ ಸುಸ್ತು. ಎಲ್ಲರಿಗೂ ಎಲ್ಲವೂ ಬರುವುದಿಲ್ಲ. ಇವುಗಳಲ್ಲಿ ಹೆಚ್ಚಿನವು ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಇಳಿಯುತ್ತವೆ, ಔಷಧಿಯೂ ಉಂಟು. ಆದರೆ ಬಾಯಿ ಬಿಟ್ಟು ಹೇಳಿದರೆ ತಾನೇ ಔಷಧಿ?

ಉಪ್ಪ ಹೇಳಲಿಲ್ಲ. ಜುಮಾಗೆ ಬರುವುದನ್ನು ನಿಲ್ಲಿಸಿದರು. ಕೇಳಿದರೆ “ಎಂತ ಇಲ್ಲ ಮೋನೇ, ಕಾಲು ನೋವು” ಅಂದರು. ನಾವು ನಂಬಿದೆವು. ಅಷ್ಟರಲ್ಲಿ ಒಂದೇ ವಾರದಲ್ಲಿ ಮೂರು ಸಲ ಅವರನ್ನು ಮೇಜಿನಿಂದ ಎಬ್ಬಿಸಿ ಹೊರಗೆ ಕಳಿಸಿದರು. ಚಿತ್ರದಲ್ಲಿ ಮೂತ್ರಚೀಲ ಖಾಲಿ! ಮೂರನೇ ಸಲ ಯಂತ್ರ ನಡೆಸುವ ಹುಡುಗ ನಮ್ಮನ್ನು ಬದಿಗೆ ಕರೆದು, “ಅಜ್ಜ ನೀರು ಕುಡಿಯುತ್ತಿಲ್ಲ ಸಾರ್, ಬಾಟ್ಲಿಯ ನೀರು ಬೇಸಿನ್‌ಗೆ ಚೆಲ್ಲುವುದನ್ನು ನಾನೇ ನೋಡಿದೆ” ಅಂದ.

ಅಂದು ರಾತ್ರಿ ಉಪ್ಪ ಅತ್ತರು. ಬಟ್ಟೆಯಲ್ಲಿ ಎರಡು ಮೂರು ಹನಿ ಸೋರುತ್ತಿತ್ತಂತೆ. “ವುಝೂ ನಿಲ್ಲುವುದಿಲ್ಲ, ಬಟ್ಟೆ ನಜಸ್ ಆಗ್ತದೆ. ನಮಾಝ್ ಇಲ್ಲದೆ ಬದುಕಿ ಎಂತ ಮಾಡ್ಲಿಕ್ಕುಂಟು? ಸಾಕು, ಊರಿಗೆ ಬಿಡಿ” ಅಂದರು. 37ರಲ್ಲಿ 19 ಮುಗಿದಿತ್ತು, 18 ಬಾಕಿ. ಅರ್ಧದಲ್ಲಿ ಬಿಟ್ಟ ರೇಡಿಯೇಶನ್ ಅರ್ಧ ಕುಡಿದ ಔಷಧಿಯ ಹಾಗೆ. ರೋಗಕ್ಕೆ ಬೇಕಾದಷ್ಟು ಪ್ರಮಾಣ ಸೇರುವುದಿಲ್ಲ, ಪಟ್ಟ ಕಷ್ಟ ಮಾತ್ರ ಉಳಿಯುತ್ತದೆ.

ಮರುದಿನ ಎರಡು ಕೆಲಸ ಮಾಡಿದೆವು. ವೈದ್ಯರಿಗೆ ಹೇಳಿದೆವು, ಅವರು ಮಾತ್ರೆ ಬರೆದುಕೊಟ್ಟರು. ಮೂತ್ರದ ಸೋಂಕು ಇದೆಯೇ ಎಂದು ಪರೀಕ್ಷೆಯನ್ನೂ ಮಾಡಿಸಿದರು. ಊರಿನ ಉಸ್ತಾದರಿಗೆ ಫೋನ್ ಮಾಡಿ ಉಪ್ಪನ ಕೈಗೇ ಕೊಟ್ಟೆವು. ಉಸ್ತಾದರು ಹೇಳಿದ್ದು ಕಷ್ಟದ ಮಾತಲ್ಲ. ಮೂತ್ರ ನಿಲ್ಲದವರಿಗೆ ಶಾಫಿಈ ಮದ್‌ಹಬ್‌ನಲ್ಲಿ ದಾರಿ ಹಿಂದಿನಿಂದಲೂ ಇದೆ. ನಮಾಝಿನ ಸಮಯ ಆದ ಮೇಲೆ ಶುಚಿ ಮಾಡಿಕೊಂಡು, ಹೊಸ ಬಟ್ಟೆಯ ತುಂಡೋ ಪ್ಯಾಡೋ ಇಟ್ಟು, ವುಝೂ ಮಾಡಿ ತಡ ಮಾಡದೆ ನಮಾಝ್ ಮಾಡುವುದು. ಪ್ರತಿ ಫರ್ಳ್ ನಮಾಝಿಗೂ ಹೀಗೆಯೇ ಹೊಸದಾಗಿ. ನಡುವೆ ಹನಿ ಬಿದ್ದರೂ ನಮಾಝ್ ಕೆಡುವುದಿಲ್ಲ. ಉಪವಾಸದ ವಿಷಯವೂ ಹಾಗೆಯೇ. ಹಗಲು ನೀರು ಕುಡಿಯಲೇಬೇಕಾದ ಚಿಕಿತ್ಸೆ ರಮಝಾನಿನಲ್ಲಿ ಬಂದರೆ ರೋಗಿಗೆ ರಿಯಾಯಿತಿ ಇದೆ, ಗುಣವಾದ ಮೇಲೆ ಖಳಾ ಮಾಡಿ ತೀರಿಸಬಹುದು. ಹತ್ತು ನಿಮಿಷದ ಒಂದು ಫೋನು ನಮ್ಮ ನಾಲ್ಕು ವಾರದ ತಲೆಬಿಸಿಯನ್ನು ಇಳಿಸಿತು. ಉಪ್ಪ 37ನ್ನೂ ಮುಗಿಸಿದರು, ಅಲ್‌ಹಂದುಲಿಲ್ಲಾಹ್.

ಈ ಅನುಭವದಿಂದ ನಮಗೆ ಅನ್ನಿಸಿದ ನಾಲ್ಕು ಮಾತು ಹೇಳಬೇಕು.

ಒಂದನೆಯದು, ರೋಗಿಗೆ ರೋಗದ ಹೆಸರು ಹೇಳಿ. ಹೆಂಡತಿಗೂ ಹೇಳಿ. ಉಮ್ಮನಿಗೆ ವಿಷಯ ಗೊತ್ತಿದ್ದಿದ್ದರೆ ಒಗೆಯುವ ಬಟ್ಟೆ ನೋಡಿದ ದಿನವೇ ಅರ್ಥ ಆಗುತ್ತಿತ್ತು. ಇನ್ನೊಂದು ನಾಚಿಕೆಯ ವಿಷಯವೂ ಇದೆ. ಈ ಚಿಕಿತ್ಸೆಯಿಂದ ಕಾಲಕ್ರಮೇಣ, ಕೆಲವೊಮ್ಮೆ ಒಂದೆರಡು ವರ್ಷದ ನಂತರ, ದಾಂಪತ್ಯದ ಶಕ್ತಿ ಕುಗ್ಗಬಹುದು. ಜೊತೆಗೆ ಹಾರ್ಮೋನ್ ಇಂಜೆಕ್ಷನ್ ಕೊಟ್ಟರೆ ಆಸೆ ಇಳಿಯುತ್ತದೆ, ಮೈ ಇದ್ದಕ್ಕಿದ್ದಂತೆ ಬಿಸಿಯಾಗಿ ಬೆವರುತ್ತದೆ, ಮನಸ್ಸು ಕುಗ್ಗುತ್ತದೆ. ಹೆಂಡತಿಗೆ ಇದು ತಿಳಿಯದಿದ್ದರೆ ಗಂಡನ ಮೌನವನ್ನು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾಳೆ. ಇದಕ್ಕೂ ಔಷಧಿ, ಸಲಹೆ ಇವೆ. ವೈದ್ಯರಲ್ಲಿ ಕೇಳಲು ನಾಚಬೇಕಾಗಿಲ್ಲ.

ಎರಡನೆಯದು, ಆಸ್ಪತ್ರೆಯನ್ನು ಹೆಸರು ನೋಡಿ ಅಲ್ಲ, ದಾರಿ ನೋಡಿ ಆರಿಸಿ. ‘ಮಗ ಬೆಂಗಳೂರಿನಲ್ಲಿದ್ದಾನೆ, ಅಲ್ಲಿಗೇ ಹೋಗೋಣ’ ಎಂಬುದು ನಮ್ಮವರ ರೂಢಿ. ನಾವೂ ಅದನ್ನೇ ಮಾಡಿದೆವು. ಬೆಂಗಳೂರಿನಲ್ಲಿ ಕಿದ್ವಾಯಿ ಇದೆ. ಸ್ವಾತಂತ್ರ್ಯ ಹೋರಾಟಗಾರ, ಕೇಂದ್ರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನ ಈ ಸಂಸ್ಥೆ 1973ರಿಂದ ಬಡವರ ಪಾಲಿಗೆ ದೊಡ್ಡ ಆಸರೆ. ಸರ್ಜಾಪುರದ ಕಡೆಯವರಿಗೆ ಬೊಮ್ಮಸಂದ್ರವೂ ಇದೆ. ಆದರೆ ಮಂಗಳೂರು, ದೇರಳಕಟ್ಟೆಯ ಆಸ್ಪತ್ರೆಗಳಲ್ಲೂ ಈ ಯಂತ್ರಗಳಿವೆ. ದಿನವೂ ಹೋಗಿಬರಬೇಕಾದ ಚಿಕಿತ್ಸೆಯಲ್ಲಿ ಸ್ವಂತ ಮನೆ, ಸ್ವಂತ ಮಸೀದಿ, ಪರಿಚಯದ ಬಚ್ಚಲು ಹತ್ತಿರ ಇರುವುದೂ ಔಷಧಿಯೇ. ಯಾವ ಆಸ್ಪತ್ರೆ, ಎಷ್ಟು ದಿನ ಎಂದು ಬಾಯಿ ಬಿಟ್ಟು ಕೇಳಿ. ಬ್ರಿಟನ್‌ನಲ್ಲಿ 3,200ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 37 ಸಲ ಕೊಡುವುದರ ಬದಲು ಪ್ರತಿಸಲದ ಪ್ರಮಾಣ ಹೆಚ್ಚಿಸಿ 20 ಸಲ ಕೊಟ್ಟರೂ ಫಲಿತಾಂಶ ಕಡಿಮೆಯಾಗಲಿಲ್ಲ. ಕೆಲವರಿಗೆ ಐದೇ ಸಲದಲ್ಲಿ ಮುಗಿಸುವುದೂ ಈಗ ಸಾಧ್ಯ. ಉಪ್ಪನ ಸ್ಥಿತಿಗೆ 37 ಬೇಕೆಂದು ವೈದ್ಯರು ಹೇಳಿದರು, ಒಪ್ಪಿದೆವು. ನಿಮಗೆ ಎಷ್ಟು ಬೇಕೆಂದು ಕೇಳುವುದು ನಿಮ್ಮ ಹಕ್ಕು. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂ.ವರೆಗಿನ ನೆರವು ಇದೆ. ಆಸ್ಪತ್ರೆ ಆ ಪಟ್ಟಿಯಲ್ಲಿದೆಯೇ, ಯಾವ ಕಾಗದ ಬೇಕು ಎಂದು ಸೇರುವ ಮೊದಲೇ ವಿಚಾರಿಸಿ.

ಮೂರನೆಯದು, ನೋಡಲು ಬರುವವರ ವಿಷಯ. ರೋಗಿಯನ್ನು ಸಂದರ್ಶಿಸುವುದು ಪುಣ್ಯದ ಕೆಲಸ, ಬೇಡ ಅನ್ನುವುದಿಲ್ಲ. ಆದರೆ ನಿದ್ದೆ ಇಲ್ಲದ ಮನುಷ್ಯನ ಮುಂದೆ ಎರಡು ಗಂಟೆ ಕುಳಿತು, ‘ನಮ್ಮ ಊರಿನ ಒಬ್ಬರಿಗೂ ಇದೇ ಆಗಿತ್ತು, ಪಾಪ ಹೋಗಿಬಿಟ್ಟರು’ ಎಂದು ಹೇಳುವ ಪುಣ್ಯ ಬೇಡ. ಬಿರಿಯಾನಿಯೂ ಬೇಡ. ಹೊಟ್ಟೆ ಕೆಟ್ಟಿರುವಾಗ ಖಾರ, ಎಣ್ಣೆ, ಗ್ಯಾಸ್ ಮಾಡುವ ಕಡಲೆ, ಕೋಸು ಆಗುವುದಿಲ್ಲ. ಗಂಜಿ, ಮೊಸರು, ಖಾರ ಕಡಿಮೆ ಮಾಡಿದ ಮೀನು ಸಾರು ಸಾಕು. ಕರಿಜೀರಿಗೆಯೋ ವಾಟ್ಸ್‌ಆ್ಯಪ್‌ನಲ್ಲಿ ಬಂದ ಕಷಾಯವೋ ಕೊಡುವ ಮೊದಲು ವೈದ್ಯರನ್ನು ಕೇಳಿ. ನಿಜವಾಗಿ ಸಹಾಯ ಮಾಡುವ ಮನಸ್ಸಿದ್ದರೆ ವಾರಕ್ಕೊಂದು ದಿನ ಕಾರು ಓಡಿಸಿ. ಸರ್ಜಾಪುರ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ ನಮ್ಮ ಹುಡುಗರು ಎಷ್ಟು ಮಂದಿ ಇಲ್ಲ? ಐದು ಜನ ಸೇರಿದರೆ ಒಬ್ಬರಿಗೆ ವಾರಕ್ಕೆ ಒಂದೇ ದಿನದ ರಜೆ ಸಾಕು. ನಮ್ಮಲ್ಲಿ ಕೊನೆಯ ಮೂರು ವಾರ ಹಾಗೆಯೇ ಸಾಗಿತು.

ನಾಲ್ಕನೆಯದು, ಎಚ್ಚರಿಕೆ. ಮೂತ್ರ ಪೂರ್ತಿ ಕಟ್ಟಿದರೆ, ಚಳಿಜ್ವರ ಬಂದರೆ, ಮೂತ್ರದಲ್ಲಾಗಲಿ ಮಲದಲ್ಲಾಗಲಿ ರಕ್ತ ಹೆಚ್ಚು ಹೋದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಹೋಗಬೇಕು. ತಿಂಗಳುಗಳು, ವರ್ಷಗಳ ನಂತರ ಮಲದಲ್ಲಿ ರಕ್ತ ಕಂಡರೂ ಮೂಲವ್ಯಾಧಿ ಎಂದು ಸುಮ್ಮನಿರದೆ ರೇಡಿಯೇಶನ್ ಆಗಿದ್ದನ್ನು ವೈದ್ಯರಿಗೆ ಹೇಳಬೇಕು. ಚಿಕಿತ್ಸೆ ಮುಗಿದ ಮರುದಿನವೇ ಪಿಎಸ್‌ಎ ರಕ್ತಪರೀಕ್ಷೆಯ ಅಂಕಿ ಇಳಿಯುವುದಿಲ್ಲ. ಒಂದೂವರೆ, ಎರಡು ವರ್ಷದವರೆಗೂ ನಿಧಾನವಾಗಿ ಇಳಿಯುತ್ತದೆ, ನಡುವೆ ಸ್ವಲ್ಪ ಏರಿ ಮತ್ತೆ ಇಳಿಯುವುದೂ ಉಂಟು. ಪ್ರತಿ ವರದಿಗೂ ಮನೆಯಲ್ಲಿ ಮರಣದ ಮುಖ ಮಾಡಬೇಡಿ.

ಈ ರೋಗ ಅಷ್ಟು ಭಯಪಡಬೇಕಾದದ್ದೇ? ಬ್ರಿಟನ್‌ನಲ್ಲಿ, ರೋಗ ಗ್ರಂಥಿಯೊಳಗೇ ಇರುವಾಗ ಪತ್ತೆಯಾದ 1,643 ಗಂಡಸರನ್ನು ಸುಮಾರು 15 ವರ್ಷ ಹಿಂಬಾಲಿಸಿದ ಅಧ್ಯಯನ 2023ರಲ್ಲಿ ಹೊರಬಂತು. ಆಪರೇಶನ್ ಆದವರು, ರೇಡಿಯೇಶನ್ ಪಡೆದವರು, ಬರೀ ನಿಗಾದಲ್ಲಿದ್ದವರು ಎಲ್ಲರೂ ಸೇರಿ ಈ ಕ್ಯಾನ್ಸರಿನಿಂದ ತೀರಿಕೊಂಡವರು ನೂರಕ್ಕೆ ಮೂರು ಮಂದಿ. ತಡವಾಗಿ ಪತ್ತೆಯಾದರೆ ಲೆಕ್ಕ ಬೇರೆ. ಆದ್ದರಿಂದಲೇ ಐವತ್ತು ದಾಟಿದವರು, ಅದರಲ್ಲೂ ತಂದೆಗೋ ಅಣ್ಣತಮ್ಮಂದಿರಿಗೋ ಈ ರೋಗ ಬಂದವರು, ಪಿಎಸ್‌ಎ ಪರೀಕ್ಷೆ ಬೇಕೇ ಎಂದು ವೈದ್ಯರಲ್ಲಿ ಒಮ್ಮೆ ಕೇಳಬೇಕು. ಉಪ್ಪನ ಮಕ್ಕಳಾದ ನಾವೂ ಈಗ ಆ ಸಾಲಿನಲ್ಲಿದ್ದೇವೆ.

ಉಸ್ತಾದರುಗಳಲ್ಲಿ, ಜಮಾಅತ್ ಕಮಿಟಿಯವರಲ್ಲಿ ಒಂದು ವಿನಂತಿ. ಮೂತ್ರ ನಿಲ್ಲದವನ ನಮಾಝ್ ಹೇಗೆ ಎಂಬ ಮಸ್‌ಅಲವನ್ನು ವರ್ಷಕ್ಕೊಮ್ಮೆಯಾದರೂ ಜುಮಾ ದಿನ ಎಲ್ಲರ ಎದುರು ಹೇಳಿ. ವಯಸ್ಸಾದ ಎಷ್ಟೋ ಮಂದಿ ‘ಕಾಲು ನೋವು’ ಎಂದು ಹೇಳಿ ಮನೆಯಲ್ಲೇ ಕುಳಿತಿರಬಹುದು. ಕೇಳಲು ಅವರಿಗೆ ನಾಚಿಕೆ. ಕೇಳದೆಯೇ ಹೇಳಿದರೆ ಅವರ ನಮಾಝೂ ಉಳಿಯುತ್ತದೆ, ಚಿಕಿತ್ಸೆಯೂ ಉಳಿಯುತ್ತದೆ.

ಉಪ್ಪ ಈಗ ಊರಿನಲ್ಲಿದ್ದಾರೆ. ರಾತ್ರಿ ಎರಡು ಸಲ ಏಳುತ್ತಾರೆ. ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಮೊನ್ನೆ ಪಕ್ಕದ ಮನೆಯ ಕಾಕನಿಗೂ ಇದೇ ಕಾಯಿಲೆ ಎಂದು ಗೊತ್ತಾದಾಗ ಅವರ ಮನೆಗೆ ಮೊದಲು ಹೋದದ್ದು ಉಪ್ಪನೇ. ಹೋಗಿ ಹೇಳಿದ್ದು ಇಷ್ಟು: “ಕೈಕಾಲು ಎಲ್ಲ ಕಟ್ಟುವುದಿಲ್ಲ. ನೀರು ಮಾತ್ರ ಸರಿಯಾಗಿ ಕುಡಿಯಬೇಕು, ಚೆಲ್ಲಬಾರದು.”