ಜಿ.ಬಿ. ಲೆಕ್ಕದಲ್ಲಿ ಮರೆತುಹೋದ ‘ಎರಡು’

ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಶೃಂಗಸಭೆಯಲ್ಲಿ ಬಿಡುಗಡೆ ಮಾಡಿದ ‘ಕಿಯೋ’ ಕಂಪ್ಯೂಟರಿನ ಬಗ್ಗೆ ಮಾತೆತ್ತಿದವರೆಲ್ಲ ಬೆಲೆ, ಪ್ರೊಸೆಸರ್ ಮತ್ತು ಮೆಮೊರಿಯ ಗಾತ್ರಗಳಲ್ಲೇ ಸಿಲುಕಿಕೊಂಡಿದ್ದು, ಇನ್ನೊಂದಿಷ್ಟು ಜಿ.ಬಿ. ತುಂಬಿಸಿದರೆ ಅಗ್ಗದ ಯಂತ್ರವೂ ಹೆಪ್ಪುಗಟ್ಟದೆ ಓಡುತ್ತದೆಂಬ ವಾದ ಅವರಲ್ಲಿ ಸಲೀಸಾಗಿ ಕೇಳಿಬರುತ್ತಿದೆ. ಈ ವಾದ ತಪ್ಪು. ಹೆಚ್ಚುವರಿ ಮೆಮೊರಿಯು ಇಕ್ಕಟ್ಟಿನ ಗಳಿಗೆಯನ್ನು ಮುಂದೂಡಬಲ್ಲುದೇ ಹೊರತು, ಆ ಗಳಿಗೆ ಬಂದಾಗ ಯಂತ್ರ ಉಳಿಯುವುದೋ ನಿಲ್ಲುವುದೋ ಎಂಬುದನ್ನು ನಿರ್ಧರಿಸುವುದು ಕರ್ನಲ್ಲಿನೊಳಗೆ, ಅಂದರೆ ಯಂತ್ರಾಂಶವನ್ನು ಆಳುವ ತಂತ್ರಾಂಶದ ಒಳಗೆ, ಡಿಸ್ಕನ್ನು ನಡೆಸುವ ಡ್ರೈವರ್ ಮೆಮೊರಿಯನ್ನು ಕೇಳುವ ರೀತಿ.

ಮೆಮೊರಿ ತುಂಬಿದಾಗ ಕರ್ನಲ್ ಕೆಲವು ಪುಟಗಳನ್ನು ಡಿಸ್ಕಿನ ಸ್ವಾಪ್ ಜಾಗಕ್ಕೆ ಬರೆದು ತೆರವು ಮಾಡಿಕೊಳ್ಳುತ್ತದೆ. ಆದರೆ ಹಾಗೆ ಬರೆಯಲು ಕೂಡ ‘ಬಯೊ’ ಎಂಬ ಸಣ್ಣ ದಾಖಲೆ, ಅಂದರೆ ಯಾವ ಪುಟ ಡಿಸ್ಕಿನ ಯಾವ ಜಾಗಕ್ಕೆ ಹೋಗಬೇಕೆಂಬ ಚೀಟಿ, ಮೆಮೊರಿಯಲ್ಲೇ ಸಿದ್ಧವಾಗಬೇಕು. ಇದಕ್ಕೆಂದೇ ಕಿಯೋವನ್ನು ನಡೆಸುವ ಲಿನಕ್ಸ್ ಕರ್ನಲ್ ‘ಮೆಂಪೂಲ್’ ಎಂಬ ಕಾದಿಟ್ಟ ದಾಸ್ತಾನನ್ನು ಇರಿಸಿಕೊಂಡಿದೆ. ಬಯೊಗಳ ಸಾಮಾನ್ಯ ದಾಸ್ತಾನಿಗೆ ಕರ್ನಲ್ಲಿನ ಮೂಲಸಂಹಿತೆ ನಿಗದಿಪಡಿಸಿದ ಸಂಖ್ಯೆ ಕೇವಲ 2. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಸಂಖ್ಯೆ ಇದೇ. ಬರದ ವರ್ಷವೂ ಬಿತ್ತನೆಯ ಜೋಳವನ್ನು ಮುಟ್ಟದ ಬೈಲಹೊಂಗಲ ಸೀಮೆಯ ಒಕ್ಕಲಿಗನಿಗೆ ಇದರ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ: ಹೋದದ್ದು ತಿರುಗಿ ಬರುತ್ತದೆ ಎಂದಾದರೆ ಕೊಂಚವೇ ಸಾಕು.

ಬರಹ ಮುಗಿದಾಗ ಬಯೊ ದಾಸ್ತಾನಿಗೆ ತಿರುಗಿ ಬರಬೇಕು ಎಂಬ ಈ ಷರತ್ತಿನಲ್ಲೇ ತೊಡಕಿದೆ. ಪಡೆದ ಒಂದು ಬಯೊವನ್ನು ಡಿಸ್ಕಿಗೆ ಒಪ್ಪಿಸುವ ಮೊದಲು ಅದೇ ದಾಸ್ತಾನಿನಿಂದ ಮತ್ತೊಂದನ್ನು ಕೇಳಬಾರದೆಂಬುದು ಕರ್ನಲ್ಲಿನಲ್ಲೇ ಬರೆದಿಟ್ಟ ನಿಯಮ; ಬೇರೆ ಮೆಮೊರಿ ಉಳಿಯದ ಹೊತ್ತಿನಲ್ಲಿ ಎರಡು ಕೆಲಸಗಳು ತಲಾ ಒಂದನ್ನು ಹಿಡಿದು ಇನ್ನೊಂದಕ್ಕೆ ಕೈಚಾಚಿದರೆ, ಒಂದು ಮತ್ತೊಂದಕ್ಕಾಗಿ ಕಾಯುತ್ತ ಎರಡೂ ನಿಂತುಬಿಡುತ್ತವೆ. ಇನ್ನೊಂದು ಅಪಾಯವೂ ಇದೆ: ಡ್ರೈವರ್ ಬರೆಯುವ ಹಾದಿಯ ನಡುವೆ ಸಾಮಾನ್ಯ ರೀತಿಯಲ್ಲಿ ಮೆಮೊರಿ ಕೇಳಿದರೆ, ಅದನ್ನು ಒದಗಿಸಲೆಂದು ಕರ್ನಲ್ ಅದೇ ಡಿಸ್ಕಿಗೆ ಪುಟ ಬರೆಯಲು ಹೊರಟು, ಅದೇ ಡ್ರೈವರಿನ ಬಾಗಿಲಲ್ಲಿ ಬಂದು ನಿಲ್ಲಬಹುದು. ಇದನ್ನು ತಡೆಯಲು, ಮೆಮೊರಿಗಾಗಿ ಹೊಸ ಓದು-ಬರಹವನ್ನು ಆರಂಭಿಸಬೇಡವೆಂದು ಸೂಚಿಸುವ ‘ನೋಐಒ’ ಎಂಬ ಗುರುತನ್ನು ಬಳಸಬೇಕಾಗುತ್ತದೆ. ಯುಎಸ್‌ಬಿ ಸಂಗ್ರಹ ಸಾಧನವನ್ನು ನಿದ್ರೆಯಿಂದ ಎಬ್ಬಿಸುವ ಹಾದಿಯಲ್ಲಿ ಇಂಥದೇ ಬಿಕ್ಕಟ್ಟು ಕಂಡಿದ್ದರಿಂದ, 2013ರಲ್ಲಿ ಬಂದ ಲಿನಕ್ಸಿನ 3.9ನೇ ಆವೃತ್ತಿಯಲ್ಲಿ ಈ ನಿರ್ಬಂಧವನ್ನು ಒಂದೊಂದು ಕರೆಗೆ ಅಂಟಿಸುವ ಬದಲು ಇಡೀ ಕೆಲಸಕ್ಕೇ ಹಾಕುವ ಏರ್ಪಾಡು ಬಂತು. ಪೆನ್‌ಡ್ರೈವ್ ಮತ್ತು ಅಗ್ಗದ ಕಾರ್ಡುಗಳನ್ನೇ ನೆಚ್ಚುವ ಯಂತ್ರಗಳಿಗೆ ಇದಕ್ಕಿಂತ ಹತ್ತಿರದ ಪೂರ್ವನಿದರ್ಶನ ಬೇಕಿಲ್ಲ.

ಕಿಯೋದಲ್ಲಿರುವಂಥ ರಿಸ್ಕ್-ಫೈವ್ ಪ್ರೊಸೆಸರಿನ ಹೊಸ ಬೋರ್ಡುಗಳಲ್ಲಿ ಸಂಗ್ರಹ ಡ್ರೈವರುಗಳೂ ಹೊಸದಾಗಿರುವ ಸಾಧ್ಯತೆ ಹೆಚ್ಚು. ಹೊಸ ಡ್ರೈವರಿನಲ್ಲಿ ಎಲ್ಲಕ್ಕಿಂತ ಕಡಿಮೆ ಪರೀಕ್ಷೆಗೊಳಗಾದ ಭಾಗವೆಂದರೆ ಮೆಮೊರಿ ಸಿಗದಿದ್ದಾಗ ನಡೆಯುವ ಭಾಗ. ಇಂಥ ಯಂತ್ರಗಳು ಸವದತ್ತಿ, ಕಿತ್ತೂರು, ರಾಮದುರ್ಗದ ಶಾಲೆಗಳನ್ನು ತಲುಪುವುದಾದರೆ, ಹೆಪ್ಪುಗಟ್ಟಿದ ಯಂತ್ರವನ್ನು ಅಲ್ಲಿನ ಶಿಕ್ಷಕರು ಮರುಚಾಲನೆ ಮಾಡುವರೇ ಹೊರತು ಡ್ರೈವರನ್ನು ದೂರಲಾರರು, ದೋಷವೂ ಎಲ್ಲಿಯೂ ದಾಖಲಾಗದು. ಆದುದರಿಂದ ಪರೀಕ್ಷೆ ನಡೆಯಬೇಕಾದದ್ದು ಖರೀದಿಗೆ ಮೊದಲು: ಸ್ವಾಪ್ ಚಾಲೂ ಇಟ್ಟು, ಮೆಮೊರಿಯನ್ನು ಪೂರ್ತಿ ತುಂಬಿಸಿ, ಬರಹ ನಿಲ್ಲದೆ ಸಾಗುತ್ತದೆಯೇ ಎಂದು ನೋಡಬೇಕು. ಮೆಮೊರಿಯ ಬೇಡಿಕೆಗಳನ್ನು ಬೇಕೆಂದೇ ವಿಫಲಗೊಳಿಸುವ ‘ಫೇಲ್‌ಸ್ಲ್ಯಾಬ್’ ಸೌಲಭ್ಯ ಕರ್ನಲ್ಲಿನಲ್ಲೇ ಇರುವುದರಿಂದ, ಟೆಂಡರಿನಲ್ಲಿ ಈ ಷರತ್ತನ್ನು ಸೇರಿಸಲು ಹೊಸ ಉಪಕರಣವನ್ನೇನೂ ಕೊಳ್ಳಬೇಕಾಗಿಲ್ಲ.