ಶರೀಫರ ಪದಕ್ಕೆ ಗಿಟಾರು ಸಿಕ್ಕಿತು, ನಮ್ಮ ಪದಕ್ಕೆ?

ಕನ್ನಡದಲ್ಲಿ ರಾಕ್ ಹಾಡಿದರೆ ಕೇಳುವವರು ಯಾರು? ಕಾಲೇಜು ಫೆಸ್ಟ್ ಹತ್ತಿರ ಬಂದಾಗಲೆಲ್ಲ ಬ್ಯಾಂಡ್ ಕಟ್ಟುವ ಹುಡುಗರ ನಡುವೆ ಈ ಪ್ರಶ್ನೆ ಏಳುತ್ತದೆ. ಕೊನೆಗೆ ಪಟ್ಟಿಯಲ್ಲಿ ಉಳಿಯುವುದು ನಾಲ್ಕು ಇಂಗ್ಲಿಷ್ ಹಾಡು, ಎರಡು ಹಿಂದಿ ಹಾಡು, ಚಪ್ಪಾಳೆಗೆಂದು ಒಂದು ಕನ್ನಡ ಸಿನಿಮಾ ಹಾಡು. ಆದರೆ ಈ ಪ್ರಶ್ನೆಗೆ 2008ರಲ್ಲೇ ಉತ್ತರ ಸಿಕ್ಕಿದೆ. ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದ ಮೊದಲ ಆಲ್ಬಮ್ ಬಂದದ್ದು ಆ ವರ್ಷ. ನನ್ನ ವಯಸ್ಸಿನವರು ಆಗಿನ್ನೂ ಅಂಗನವಾಡಿಯ ಮಕ್ಕಳು.

ಮೈಸೂರಿನಲ್ಲಿ ಬೆಳೆದು, ಮೈಕ್ರೋಬಯಾಲಜಿ ಓದಿ, ಭರತನಾಟ್ಯ ಕಲಿತ ರಘು ದೀಕ್ಷಿತ್ ಮೊದಲು 'ಅಂತರಾಗ್ನಿ' ಎಂಬ ತಂಡ ಕಟ್ಟಿದ್ದರು. ಹಲವು ವರ್ಷ ಕಂಪನಿಗಳ ಬಾಗಿಲು ತಟ್ಟಿದ ಮೇಲೆ ಈ ಆಲ್ಬಮ್ಮನ್ನು ಹೊರತಂದದ್ದು ಮುಂಬೈನ ಸಂಗೀತ ನಿರ್ದೇಶಕ ಜೋಡಿ ವಿಶಾಲ್–ಶೇಖರ್. ಅದರಲ್ಲಿ ಹಿಂದಿ ಇದೆ, ಇಂಗ್ಲಿಷ್ ಇದೆ, ಕನ್ನಡದ ಎರಡು ಹಾಡುಗಳಿವೆ: 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನೆಯ ಮಾಳಿಗಿ'. ಎರಡೂ ಶಿಶುನಾಳ ಶರೀಫರ ತತ್ವಪದಗಳು.

ಶರೀಫರು 1819ರಿಂದ 1889ರವರೆಗೆ ಬದುಕಿದ್ದವರು. ಅವರ ಪದಗಳನ್ನು ನಮ್ಮ ಅಪ್ಪ ಅಮ್ಮನ ತಲೆಮಾರಿಗೆ ಮುಟ್ಟಿಸಿದವರು ಸಿ. ಅಶ್ವತ್ಥ್. ಆ ದನಿ ಕಿವಿಯಲ್ಲಿ ಕೂತಿರುವಾಗ ಅದೇ ಪದವನ್ನು ಬೇರೆ ಥರ ಹಾಡುವುದಕ್ಕೆ ಎದೆಗಾರಿಕೆ ಬೇಕು. ಈ ತಂಡ ಗಿಟಾರು, ಬೇಸ್, ಡ್ರಮ್ಸ್, ಪಿಟೀಲು ಇಟ್ಟುಕೊಂಡು ಹಾಡಿತು. ಆದರೂ ವಾದ್ಯಗಳ ಅಬ್ಬರದಲ್ಲಿ ಮಾತು ಮುಳುಗಲಿಲ್ಲ. ಬಯಲುಸೀಮೆಯ ಮಣ್ಣಿನ ಮಾಳಿಗೆ ಮನೆಗಳನ್ನು ಕಂಡವರಿಗೆ ಸೋರುವ ಮಾಳಿಗೆಯ ರೂಪಕವನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಬಂದ ರಾತ್ರಿ ಪಾತ್ರೆ ಇಟ್ಟು ನೀರು ಹಿಡಿದವರಿಗೆ ಅದು ಗೊತ್ತು. ಅದನ್ನು ನೋಡದ ಹಾಸ್ಟೆಲ್ ಹುಡುಗನೂ ಆ ಪದದ ಅರ್ಥ ಕೇಳುವಂತಾದದ್ದು ಈ ಆಲ್ಬಮ್ಮಿನ ದೊಡ್ಡ ಗಳಿಕೆ. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ವಿದೇಶದ ವೇದಿಕೆಗಳಲ್ಲಿ ಹಾಡಿದಾಗಲೂ ಭಾಷೆ ಅಡ್ಡ ಬರಲಿಲ್ಲ.

ಇಷ್ಟು ಹೇಳಿ ಕೈ ತೊಳೆದುಕೊಂಡರೆ ಅದು ಅಭಿಮಾನವಾಗುತ್ತದೆ, ವಿಮರ್ಶೆಯಾಗುವುದಿಲ್ಲ. ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ ಕೇಳಿದರೆ ಒಂದು ಕೊರತೆ ಕಾಣುತ್ತದೆ. ಮೈಸೂರಿನಿಂದ ಬಂದ ಹುಡುಗಿಯ ಬಗ್ಗೆ ಇರುವ ಹಾಡು ಹಿಂದಿಯಲ್ಲಿದೆ. ಮುಂಬೈಯಲ್ಲಿ ಪವಾಡಕ್ಕೆ ಕಾಯುವ ಯುವಕನ ಪಾಡು ಇಂಗ್ಲಿಷಿನಲ್ಲಿದೆ. ಪ್ರೀತಿ, ಒಂಟಿತನ, ಊರು ಬಿಟ್ಟ ಸಂಕಟ, ಅಂದರೆ ಇವತ್ತಿನ ಬದುಕೆಲ್ಲ ಬೇರೆ ಭಾಷೆಗಳಿಗೆ ಹೋಯಿತು. ಕನ್ನಡದ ಪಾಲಿಗೆ ಉಳಿದದ್ದು ಹತ್ತೊಂಬತ್ತನೇ ಶತಮಾನ.

ಮೊದಲ ಆಲ್ಬಮ್ಮಿನಲ್ಲಿ ಹಿರಿಯರ ಹಾಡು ಎತ್ತಿಕೊಳ್ಳುವುದು ತಪ್ಪೇನಲ್ಲ. 1963ರಲ್ಲಿ ಬಂದ ಬೀಟಲ್ಸ್ ತಂಡದ ಮೊದಲ ಆಲ್ಬಮ್ಮಿನ 14 ಹಾಡುಗಳಲ್ಲಿ 6 ಬೇರೆಯವರವು. 1969ರ ಲೆಡ್ ಜೆಪ್ಪೆಲಿನ್ ಮೊದಲ ಆಲ್ಬಮ್ಮಿನಲ್ಲಿ ಅಮೆರಿಕದ ಕಪ್ಪು ಜನರ ಬ್ಲೂಸ್ ಪರಂಪರೆಯ ವಿಲ್ಲಿ ಡಿಕ್ಸನ್ ಅವರ ಎರಡು ಹಾಡುಗಳಿವೆ. ಆದರೆ ಆ ತಂಡಗಳು ಎರವಲು ತಂದ ಭಾಷೆಯಲ್ಲೇ ಆಮೇಲೆ ತಮ್ಮ ಮಾತು ಬರೆದವು. ರಘು ದೀಕ್ಷಿತ್ ತಂಡದ 2013ರ 'ಜಗ್ ಚಂಗಾ' ಆಲ್ಬಮ್ಮಿನಲ್ಲೂ 'ಲೋಕದ ಕಾಳಜಿ'ಗಾಗಿ ಮತ್ತೆ ಶರೀಫರ ಬಳಿಗೇ ಹೋಗಬೇಕಾಯಿತು. ಇದಕ್ಕೆ ಒಂದು ತಂಡವನ್ನಷ್ಟೇ ದೂರಿ ಪ್ರಯೋಜನವಿಲ್ಲ. ಸಿನಿಮಾದ ಹೊರಗೆ ಇವತ್ತಿನ ಕನ್ನಡದಲ್ಲಿ ಹಾಡು ಬರೆದುಕೊಡುವವರು ಎಷ್ಟು ಜನ ಇದ್ದೇವೆ?

ಬರೆಯಲು ವಸ್ತು ಇಲ್ಲ ಎನ್ನುವಂತಿಲ್ಲ. ನಮ್ಮ ಮಾರಿಕಣಿವೆ ಜಲಾಶಯ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷಗಳಲ್ಲಿ ತೆಂಗಿನ ತೋಟಗಳು ಒಣಗಿದ್ದು, ಬೋರ್‌ವೆಲ್‌ಗೆ ಸಾಲ ಮಾಡಿದ್ದು, ದುಡಿಯಲು ಬೆಂಗಳೂರಿನ ಬಸ್ಸು ಹತ್ತಿದ್ದು ಎಲ್ಲವೂ ಇದೆ. ರಾಗಕ್ಕೂ ಬರವಿಲ್ಲ. ಹಿರಿಯೂರು, ಚಳ್ಳಕೆರೆ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಥೆಗೆ ಗಣೆಯ ನಾದವಿದೆ. ಚಳ್ಳಕೆರೆ ಸೀಮೆಯ ಸಿರಿಯಜ್ಜಿ ಸಾವಿರಾರು ಪದಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. ಆದರೆ ಗಣೆ ಆ ಜನರಿಗೆ ದೇವರ ವಾದ್ಯ. ಫೆಸ್ಟ್‌ನ ಐದು ನಿಮಿಷದ ಮಜಕ್ಕೆ ಅದನ್ನು ರೆಕಾರ್ಡ್ ಮಾಡಿ ಬಳಸುವ ಮೊದಲು ಹಟ್ಟಿಯ ಹಿರಿಯರನ್ನು ಕೇಳಬೇಕು, ಹಾಡಿದವರ ಹೆಸರು ಹೇಳಬೇಕು, ಹಣ ಬಂದರೆ ಹಂಚಿಕೊಳ್ಳಬೇಕು.

2008ರ ಆ ಆಲ್ಬಮ್ ಕನ್ನಡಕ್ಕೂ ಗಿಟಾರಿಗೂ ಜಗಳವಿಲ್ಲ ಎಂದು ತೋರಿಸಿಕೊಟ್ಟಿತು. ಹಾಗಾಗಿ ಅದನ್ನು ಇಂದಿಗೂ ಕೇಳಬೇಕು, ಮೆಚ್ಚಬೇಕು. ಅದು ಮಾಡದೆ ಉಳಿಸಿದ ಕೆಲಸ ನಮ್ಮ ಮುಂದಿದೆ. ಫೆಸ್ಟ್ ಆಯೋಜಕರು ಬ್ಯಾಂಡ್ ಸ್ಪರ್ಧೆಯಲ್ಲಿ ಸ್ವಂತ ಕನ್ನಡ ರಚನೆಯೊಂದನ್ನು ಕಡ್ಡಾಯ ಮಾಡಲಿ. ಮೊದಲ ವರ್ಷ ಪ್ರಾಸ ತಪ್ಪಬಹುದು, ತಾಳ ತಪ್ಪಬಹುದು. ಮೂರನೇ ವರ್ಷಕ್ಕೆ ಒಂದಾದರೂ ಒಳ್ಳೆಯ ಹಾಡು ಹುಟ್ಟಿಯೇ ಹುಟ್ಟುತ್ತದೆ.

— ಬಿ.ಇ. ವಿದ್ಯಾರ್ಥಿ, ಮಾರಿಕಣಿವೆ